ನೇಗಿಲ ಹಿಂದಿನ ಕಾಲು, ಪೆಡಲಿನ ಮೇಲಿನ ಕಾಲು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರತರುವ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಲೇಬೇಕೆಂದು ಸಂಪಾದಕ ಮಂಡಳಿಯವರು ತಾಕೀತು ಮಾಡಿದ್ದಾರೆ. ಸಂಘದ ಷೇರು, ಠೇವಣಿ, ಲಾಭಾಂಶಗಳ ಬಗ್ಗೆ ಬರೆಯಲು ನಮಗಿಂತ ಬಲ್ಲವರಿದ್ದಾರೆ. ನಾವು ಎಸ್ಸೆಸ್ಸೆಲ್ಸಿ ಮುಗಿಸಿ ನೇರ ತೋಟಕ್ಕೆ ಇಳಿದವರು. ನಮಗೆ ಗೊತ್ತಿರುವುದು ಮಣ್ಣು, ಅಡಿಕೆ ಮತ್ತು ಸಂಘದ ಶೆಡ್ಡಿನಲ್ಲಿ ನಿಂತಿರುವ ಬಾಡಿಗೆಯ ಸಣ್ಣ ಟ್ರ್ಯಾಕ್ಟರು.

ಆ ಟ್ರ್ಯಾಕ್ಟರಿನ ವಿಷಯ ಬಂದರೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಎಚ್‌.ಪಿ.? ಗಂಟೆಗೆ ಎಷ್ಟು ಡೀಸೆಲ್? ಚಾಲಕನ ಕಾಲಿನ ಬುಡದಲ್ಲಿರುವ ನಾಲ್ಕೈದು ಪೆಡಲುಗಳ ಬಗ್ಗೆ ಕೇಳಿದವರನ್ನು ನಾವು ಇಷ್ಟರ ತನಕ ಕಂಡಿಲ್ಲ. ನಾವೂ ಕೇಳಿದವರಲ್ಲ. ಕೇಳದೆ ಇದ್ದುದಕ್ಕೆ ನಮ್ಮ ಮನೆಯಲ್ಲೇ ಒಂದು ಬೆಲೆ ತೆತ್ತದ್ದಾಯಿತು. ಅದನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ಈ ಪೆಡಲು ಎಂಬುದು ಎಲ್ಲಿಂದ ಹೊರಟು ನಮ್ಮ ಈಶ್ವರಮಂಗಲದ ಬೈಲಿಗೆ ಬಂದು ಮುಟ್ಟಿತು ಎಂಬ ಚರಿತ್ರೆಯನ್ನು ತಿಳಿದಷ್ಟು ಬರೆಯುತ್ತೇವೆ.

ಕಾಲೇ ಯಂತ್ರವಾಗಿದ್ದ ಕಾಲ

ಈಗಿನ ಮಕ್ಕಳಿಗೆ ಹೇಳಿದರೆ ನಂಬಲಿಕ್ಕಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಈ ಬೈಲಿನಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಗದ್ದೆಗಳಿದ್ದವು. ತೋಡಿನ ಬದಿಯದ್ದು ಬೈಲು, ಅದಕ್ಕಿಂತ ಮೇಲಿನದ್ದು ಮಜಲು, ಗುಡ್ಡದ ಬುಡದ್ದು ಬೆಟ್ಟು. ಒಂದು ಗದ್ದೆಯಿಂದ ಇನ್ನೊಂದಕ್ಕೆ ಮೊಣಕಾಲೆತ್ತರದ ಹುಣಿ. ನೇಗಿಲು ಹಿಡಿದವನು ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಎತ್ತುಗಳ ಹಿಂದೆ ಕೆಸರಿನಲ್ಲಿ ನಡೆಯುವುದು ಬೇರೆ, ನೇಗಿಲು ಎಷ್ಟು ಆಳಕ್ಕೆ ಹೋಗುತ್ತಿದೆ, ಅಡಿಯಲ್ಲಿ ಕಲ್ಲು ಉಂಟೋ ಇಲ್ಲವೋ ಎಂಬುದೆಲ್ಲ ಅವನಿಗೆ ಅಂಗಾಲಿನಿಂದಲೇ ಗೊತ್ತಾಗುತ್ತಿತ್ತು. ಗದ್ದೆ ಸಮ ಮಾಡುವ ಹಲಗೆಯ ಮೇಲೆ ಆಳು ನಿಂತುಕೊಳ್ಳುತ್ತಿದ್ದ. ಭಾರ ಹಿಮ್ಮಡಿಗೆ ಹಾಕಿದರೆ ಒಂದು ರೀತಿ, ಮುಂಗಾಲಿಗೆ ಹಾಕಿದರೆ ಇನ್ನೊಂದು ರೀತಿ ಮಣ್ಣು ಸರಿಯುತ್ತಿತ್ತು. ಕಂಬಳದಲ್ಲಿ ಅಡ್ಡ ಹಲಗೆಯ ಓಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಲಗೆಯ ಮೇಲೆ ನಿಂತವನ ಕಾಲು ತಪ್ಪಿದರೆ ಕೋಣ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ಅಡಿಕೆ ತೋಟಕ್ಕೆ ನೀರು ಹಾಕುವುದು ಏತದಿಂದ, ನೀರು ಹರಿಯುವುದು ಅಡಿಕೆ ಮರದ ದಂಬೆಯಲ್ಲಿ. ಮನೆಯ ಒಳಗೆ ಹೊಲಿಗೆಯ ಕಾಲು ಮಿಷನು. ಹೀಗೆ ಕಾಲಿನಿಂದ ಕೆಲಸ ತೆಗೆಯುವುದು ನಮಗೆ ಹೊಸತಾಗಿರಲಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಅಲ್ಲೆಲ್ಲ ಕಾಲು ತಪ್ಪಿದರೆ ಹೋಗುವುದು ಒಬ್ಬನ ಬಲ, ಹೆಚ್ಚೆಂದರೆ ಒಂದು ಬೀಳು. ಎಂಜಿನ್ನಿನ ಮೇಲೆ ಕುಳಿತವನ ಕಾಲು ತಪ್ಪಿದರೆ ಹೋಗುವುದು ಬೇರೆಯೇ.

ಪಶ್ಚಿಮದಲ್ಲಿ ಪೆಡಲಿನ ಹುಟ್ಟು

ಮೋಟಾರು ವಾಹನದ ಪೆಡಲುಗಳು ಈಗಿರುವ ಕ್ರಮದಲ್ಲಿ ಮೊದಲಿನಿಂದಲೂ ಇದ್ದವೆಂದು ನಾವು ತಿಳಿದುಕೊಂಡಿದ್ದೆವು. ಅದು ತಪ್ಪು. ಅಮೆರಿಕದ ಹೆನ್ರಿ ಫೋರ್ಡ್ 1908ರಲ್ಲಿ ಹೊರತಂದ ಪ್ರಸಿದ್ಧ ಮಾಡೆಲ್ ಟಿ ಕಾರಿನಲ್ಲಿ ಮೂರು ಪೆಡಲುಗಳಿದ್ದವು. ಎಡಗಡೆಯದ್ದನ್ನು ಪೂರ್ತಿ ಒತ್ತಿದರೆ ನಿಧಾನದ ಗೇರು, ಬಿಟ್ಟರೆ ವೇಗದ ಗೇರು, ಅರ್ಧ ಒತ್ತಿದರೆ ನ್ಯೂಟ್ರಲ್. ನಡುವಿನದ್ದು ಹಿಂದೆ ಹೋಗಲಿಕ್ಕೆ. ಬಲಗಡೆಯದ್ದು ಬ್ರೇಕು. ಎಂಜಿನ್ನಿನ ವೇಗ ಹೆಚ್ಚು ಕಡಿಮೆ ಮಾಡುವುದು ಮಾತ್ರ ಸ್ಟೇರಿಂಗಿನ ಬುಡದ ಕೈಹಿಡಿಯಿಂದ. ಈಗಿನ ಡ್ರೈವರನ್ನು ಅದರಲ್ಲಿ ಕೂರಿಸಿದರೆ ಅಂಗಳ ದಾಟಲಿಕ್ಕೂ ಸಾಧ್ಯವಾಗಲಿಕ್ಕಿಲ್ಲ.

ಟ್ರ್ಯಾಕ್ಟರುಗಳಲ್ಲಿಯೂ ಒಬ್ಬೊಬ್ಬ ತಯಾರಕನದ್ದು ಒಂದೊಂದು ಕ್ರಮ. 1923ರಿಂದ 1953ರ ತನಕ ತಯಾರಾದ ಜಾನ್ ಡೀರ್ ಕಂಪೆನಿಯ ಮಾಡೆಲ್ ಡಿ ಎಂಬ ಟ್ರ್ಯಾಕ್ಟರಿಗೆ ಕ್ಲಚ್ಚು ಕಾಲಿನಲ್ಲಿರಲಿಲ್ಲ, ಕೈಯಲ್ಲಿತ್ತು. ಉದ್ದದ ಹಿಡಿಯನ್ನು ಮುಂದೆ ದೂಡಿದರೆ ಹೊರಡುವುದು, ಹಿಂದೆ ಎಳೆದರೆ ನಿಲ್ಲುವುದು.

ಸಣ್ಣ ಟ್ರ್ಯಾಕ್ಟರಿನ ಚರಿತ್ರೆಯಲ್ಲಿ ದೊಡ್ಡ ಹೆಸರು ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಅವರದ್ದು. ಇಂದು ಎಲ್ಲ ಟ್ರ್ಯಾಕ್ಟರುಗಳ ಹಿಂದೆ ಇರುವ ಮೂರು ಕೊಂಡಿಯ ಜೋಡಣೆ ಅವರು ಕೊಟ್ಟದ್ದು. ಅವರೂ ಹೆನ್ರಿ ಫೋರ್ಡರೂ ಸೇರಿ 1939ರಲ್ಲಿ ಹೊರತಂದ 9ಎನ್ ಎಂಬ ಟ್ರ್ಯಾಕ್ಟರು ಸಣ್ಣ ಹಿಡುವಳಿದಾರರಿಗೆ ವರದಾನವಾಯಿತು ಎಂದರೆ ತಪ್ಪಾಗಲಾರದು. ಆದರೆ ಪೆಡಲಿನ ವಿಷಯದಲ್ಲಿ ಅದರಲ್ಲಿ ಒಂದು ಎಡವಟ್ಟು ಇತ್ತು. ಎಡ ಚಕ್ರದ ಬ್ರೇಕಿನ ಪೆಡಲನ್ನು ಎಡಗಡೆ ಕ್ಲಚ್ಚಿನ ಹತ್ತಿರ, ಬಲ ಚಕ್ರದ್ದನ್ನು ಬಲಗಡೆ ಇಟ್ಟಿದ್ದರು. ಕಾಗದದ ಮೇಲೆ ಇದು ಸರಿಯೇ, ಎಡಕ್ಕೆ ಎಡಗಾಲು, ಬಲಕ್ಕೆ ಬಲಗಾಲು. ಆದರೆ ಹೊಲದ ಮೂಲೆಯಲ್ಲಿ ಎಡಕ್ಕೆ ತಿರುಗಿಸುವಾಗ ಕ್ಲಚ್ಚೂ ಬೇಕು, ಎಡ ಬ್ರೇಕೂ ಬೇಕು. ಇರುವುದು ಒಂದೇ ಎಡಗಾಲು! 1947ರಲ್ಲಿ 8ಎನ್ ಎಂಬ ಮಾದರಿ ಬರುವಾಗ ಎರಡೂ ಬ್ರೇಕುಗಳನ್ನು ಬಲಗಾಲಿನ ಕಡೆಗೆ ಒಟ್ಟಿಗೆ ತಂದರು, ಕಾಲಿಡಲು ಅಗಲದ ಹಲಗೆಯನ್ನೂ ಕೊಟ್ಟರು. ಇಂದು ನಮ್ಮ ಸಂಘದ ಶೆಡ್ಡಿನಲ್ಲಿರುವ ಟ್ರ್ಯಾಕ್ಟರಿನಲ್ಲೂ ಅದೇ ಕ್ರಮ. ಕೋಟಿಗಟ್ಟಲೆ ಬಂಡವಾಳ ಹಾಕುವ ದೊಡ್ಡ ಕಾರ್ಖಾನೆಗೂ ರೈತನ ಎಡಗಾಲು ಒಂದೇ ಎಂಬುದು ಅರ್ಥವಾಗಲು ಎಂಟು ವರ್ಷ ಬೇಕಾಯಿತು.

ಇನ್ನೊಂದು ಸುಧಾರಣೆ ಕ್ಲಚ್ಚಿನದ್ದು. ಒಂಟಿ ಕ್ಲಚ್ಚಿನ ಹಳೆಯ ಟ್ರ್ಯಾಕ್ಟರಿನಲ್ಲಿ ಪೆಡಲು ಒತ್ತಿದರೆ ಚಕ್ರಕ್ಕೂ ಹಿಂದಿನ ಯಂತ್ರಕ್ಕೂ ಎಂಜಿನ್ನಿನ ಸಂಬಂಧ ಒಟ್ಟಿಗೆ ತಪ್ಪುತ್ತದೆ. ಭಾರದ ಹುಲ್ಲು ಕತ್ತರಿಸುವ ಯಂತ್ರ ಕಟ್ಟಿದ್ದರೆ ಅದು ತಿರುಗಿದ ರಭಸಕ್ಕೆ, ಕ್ಲಚ್ಚು ಒತ್ತಿದರೂ, ಟ್ರ್ಯಾಕ್ಟರನ್ನೇ ಮುಂದಕ್ಕೆ ದೂಡುವುದುಂಟು. ಇದಕ್ಕಾಗಿ ಎರಡು ಹಂತದ ಕ್ಲಚ್ಚು ಬಂತು. ಅರ್ಧ ಒತ್ತಿದರೆ ಚಕ್ರ ಮಾತ್ರ ನಿಲ್ಲುವುದು, ಪೂರ್ತಿ ಒತ್ತಿದರೆ ಹಿಂದಿನ ಯಂತ್ರವೂ ನಿಲ್ಲುವುದು. 1950ರ ದಶಕದ ಫರ್ಗ್ಯುಸನ್ 35 ಮಾದರಿಯಿಂದ ಇದು ಹೆಸರಾಯಿತು. ಅನುಕೂಲವೇನೋ ಆಯಿತು, ಆದರೆ ಪೆಡಲು ಅರ್ಧದಲ್ಲಿ ನಿಂತದ್ದು ಯಾವಾಗ ಎಂಬುದನ್ನು ಕಾಲೇ ಕಲಿಯಬೇಕು. ಅದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ನಮ್ಮ ದೇಶಕ್ಕೆ ಬಂದದ್ದು

ಸ್ವಾತಂತ್ರ್ಯದ ನಂತರ ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಲ್ಲಿ ಕೇಂದ್ರ ಸರಕಾರದ ಟ್ರ್ಯಾಕ್ಟರ್ ತರಬೇತಿ ಕೇಂದ್ರ ಆರಂಭವಾಯಿತು. ಮುಂದೆ ಅದೇ ಟ್ರ್ಯಾಕ್ಟರುಗಳ ಪರೀಕ್ಷಾ ಕೇಂದ್ರವೂ ಆಯಿತು. 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ದೇಶದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರು ಹೊರಬಂತು. 1960ರಲ್ಲಿ ಮದ್ರಾಸಿನ ಟಾಫೆ, 1963ರಲ್ಲಿ ಮಹೀಂದ್ರರ ಟ್ರ್ಯಾಕ್ಟರ್ ಕಂಪೆನಿ. 1974ರಲ್ಲಿ ನಮ್ಮದೇ ತಂತ್ರಜ್ಞಾನದ ಸ್ವರಾಜ್. ಇವೆಲ್ಲ ಪಂಜಾಬ್, ಹರಿಯಾಣ, ನಮ್ಮಲ್ಲಾದರೆ ಬಯಲುಸೀಮೆಯ ದೊಡ್ಡ ಹೊಲಗಳಿಗೆ ಹೇಳಿಸಿದ ಗಾಡಿಗಳು. ಹುಣಿ, ತೋಡು, ಕಣಿ ತುಂಬಿದ ನಮ್ಮ ಕಡೆಗೆ ಅವು ಆಗುವಂಥದ್ದಲ್ಲ.

ನಮಗೆ ಹತ್ತಿರವಾದದ್ದು ಜಪಾನ್ ಕ್ರಮ. 1967ರಲ್ಲಿ ಬೆಂಗಳೂರಿನಲ್ಲಿ ವಿ.ಎಸ್‌.ಟಿ. ಕಂಪೆನಿಯು ಜಪಾನಿನ ಮಿತ್ಸುಬಿಷಿಯವರ ಸಹಯೋಗದಲ್ಲಿ ಪವರ್ ಟಿಲ್ಲರ್ ತಯಾರಿಸಲೆಂದು ಸ್ಥಾಪನೆಯಾಯಿತು. ಆಚೆ ಕೇರಳದಲ್ಲಿ 1973ರಲ್ಲಿ ಸರಕಾರದ್ದೇ ಆದ ಕಾಮ್ಕೊ ಹುಟ್ಟಿ, ಕುಬೋಟ ಮಾದರಿಯ ಟಿಲ್ಲರ್ ತಂದಿತು. ನಮ್ಮದು ಗಡಿಯ ಊರು. ಗಾಳಿಮುಖ, ದೇಲಂಪಾಡಿ, ಮುಳ್ಳೇರಿಯ ಕಡೆಯಲ್ಲಿ ನೆಂಟರಿಲ್ಲದ ಮನೆ ಇಲ್ಲಿ ಕಡಿಮೆ. ಹೀಗಾಗಿ ಬೆಂಗಳೂರಿನ ಟಿಲ್ಲರೂ ಕೇರಳದ ಟಿಲ್ಲರೂ ಎರಡೂ ನಮ್ಮ ಬೈಲಿಗೆ ಇಳಿದವು.

ಟಿಲ್ಲರಿಗೆ ಪೆಡಲೇ ಇಲ್ಲ

ನಮ್ಮ ನೆರೆಮನೆಗೆ ಟಿಲ್ಲರು ಬಂದಾಗ ನಾವು ಹೈಸ್ಕೂಲಿನಲ್ಲಿದ್ದೆವು. ಶಾಲೆ ತಪ್ಪಿಸಿ ನೋಡಲು ಹೋದವರಲ್ಲಿ ನಾವೂ ಒಬ್ಬರು ಎಂದು ಈಗ ಹೇಳಿದರೆ ಯಾರೂ ಬೈಯಲಿಕ್ಕಿಲ್ಲ. ಟಿಲ್ಲರಿನಲ್ಲಿ ಎಲ್ಲವೂ ಕೈಗೆ. ದೊಡ್ಡ ಕ್ಲಚ್ಚು ಕೈಗೆ, ಆಕ್ಸಿಲರೇಟರು ಕೈಗೆ, ಎರಡು ಹಿಡಿಗಳ ಅಡಿಯಲ್ಲಿ ತಿರುಗಿಸುವ ಕ್ಲಚ್ಚುಗಳು ಬೆರಳಿಗೆ. ಎಡಗೈಯದ್ದು ಹಿಡಿದರೆ ಎಡ ಚಕ್ರಕ್ಕೆ ಶಕ್ತಿ ತಪ್ಪಿ ಗಾಡಿ ಎಡಕ್ಕೆ ತಿರುಗುತ್ತದೆ. ಆದರೆ ಇಳಿಜಾರಿನಲ್ಲಿ ಇಳಿಯುವಾಗ ಅದೇ ಹಿಡಿ ಹಿಡಿದರೆ ಎಡ ಚಕ್ರ ಸ್ವತಂತ್ರವಾಗಿ ಓಡಿ ಗಾಡಿ ಬಲಕ್ಕೆ ತಿರುಗಿಬಿಡುತ್ತದೆ! ಇದನ್ನು ತಿಳಿಯದೆ ತೋಡಿಗೆ ಇಳಿಸಿದವರ ಕಥೆಗಳು ಊರಿನಲ್ಲಿ ಬೇಕಾದಷ್ಟು ಉಂಟು.

ಕಾಲಿಗೆ ಇದ್ದ ಕೆಲಸ ನಡೆಯುವುದು ಮಾತ್ರ. ಎತ್ತಿನ ಹಿಂದೆ ನಡೆದ ಹಾಗೆಯೇ ಟಿಲ್ಲರಿನ ಹಿಂದೆ. ವ್ಯತ್ಯಾಸ ಎಂತದೆಂದರೆ ಎತ್ತಿಗೆ ಬಾಯಾರುತ್ತದೆ, ನಿಲ್ಲಿಸಬೇಕು. ಟಿಲ್ಲರಿಗೆ ಬಾಯಾರುವುದಿಲ್ಲ. ಸಾಯಂಕಾಲಕ್ಕೆ ಕೈ ನಡುಗುವುದು, ಮೊಣಕಾಲು ಊದುವುದು. ಗೊಬ್ಬರ ಸಾಗಿಸಲು ಹಿಂದೆ ಟ್ರೈಲರು ಕಟ್ಟಿದಾಗ ಅದರ ಬ್ರೇಕಿಗೆ ಒಂದು ಕಾಲಿನ ಪೆಡಲು ಇತ್ತು. ನಾವು ನಮ್ಮ ಜೀವನದಲ್ಲಿ ತುಳಿದ ಮೊದಲ ಬ್ರೇಕು ಪೆಡಲು ಅದು.

ತೋಟಕ್ಕೆ ಸಣ್ಣ ಟ್ರ್ಯಾಕ್ಟರು

1974ರ ಭೂಸುಧಾರಣಾ ಕಾನೂನಿನಿಂದ ಗೇಣಿದಾರರಾಗಿದ್ದವರು ಭೂಮಾಲಕರಾದರು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಗಿ ಅಡಿಕೆಗೆ ಒಂದು ಆಧಾರ ಸಿಕ್ಕಿತು. ಆಳುಗಳ ಅಭಾವವೂ ಸೇರಿ, ಗದ್ದೆಗಳು ಒಂದೊಂದಾಗಿ ತೋಟಗಳಾದವು. ತೋಟಕ್ಕೆ ಉಳುಮೆ ಬೇಡ. ಆದರೆ ಸೊಪ್ಪು, ಗೊಬ್ಬರ, ಮಣ್ಣು, ಅಡಿಕೆ, ತೆಂಗಿನಕಾಯಿ ಹೊರಬೇಕು, ಔಷಧಿ ಸಿಂಪಡಿಸುವ ಪಂಪು ತಿರುಗಬೇಕು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಹೇಳುವ ಅಂತರ ಗಿಡದಿಂದ ಗಿಡಕ್ಕೆ 2.7 ಮೀಟರು, ಅಂದರೆ ನಮ್ಮ ಒಂಬತ್ತು ಅಡಿ. ಅದರಲ್ಲೂ ಸಾಲುಗಳ ನಡುವೆ ಬಸಿಗಾಲುವೆ. ಉಳಿದ ಜಾಗದಲ್ಲಿ ಹೋಗಬೇಕಾದರೆ ಗಾಡಿ ಸಣ್ಣದೇ ಆಗಬೇಕು.

ವಿ.ಎಸ್‌.ಟಿ.ಯವರ ಹದಿನೆಂಟು ಹತ್ತೊಂಬತ್ತು ಅಶ್ವಶಕ್ತಿಯ ಎಂ.ಟಿ. 180 ಎಂಬ ಸಣ್ಣ ಟ್ರ್ಯಾಕ್ಟರು ಎಂಬತ್ತರ ದಶಕದಿಂದಲೇ ಕರ್ನಾಟಕದಲ್ಲಿ ಇತ್ತು. 2010ರ ನಂತರ ಮಹೀಂದ್ರರ ಹದಿನೈದು ಅಶ್ವಶಕ್ತಿಯ ಯುವರಾಜ್, ಕುಬೋಟದವರ ಸಣ್ಣ ಟ್ರ್ಯಾಕ್ಟರುಗಳು ಹೀಗೆ ಹಲವು ಬಂದವು. 2009ರಲ್ಲಿ ಪುತ್ತೂರಿನಲ್ಲಿ ನಡೆದ ಅಡಿಕೆ ಯಂತ್ರ ಮೇಳಕ್ಕೆ ನಮ್ಮ ಊರಿನಿಂದ ಜೀಪು ತುಂಬಾ ಜನ ಹೋಗಿದ್ದೆವು. ಯಂತ್ರದ ಬಗ್ಗೆ ನಮ್ಮವರಿಗಿದ್ದ ಹೆದರಿಕೆ ಬಿಟ್ಟುಹೋದದ್ದು ಅಂದಿನಿಂದ ಎನ್ನಬಹುದು.

ಸಣ್ಣದಾದರೆ ಗಾಡಿ ಸಣ್ಣದಾಗುತ್ತದೆ, ಆದರೆ ಮನುಷ್ಯನ ಕಾಲು ಸಣ್ಣದಾಗುವುದಿಲ್ಲ. ಇದೇ ನಮ್ಮ ಲೇಖನದ ಮುಖ್ಯ ಮಾತು. ದೊಡ್ಡ ಟ್ರ್ಯಾಕ್ಟರಿನಲ್ಲಿ ಕಾಲಿಡಲು ಮಂಚದಷ್ಟು ಜಾಗ. ಸಣ್ಣದರಲ್ಲಿ ಗೇರುಪೆಟ್ಟಿಗೆ ಎರಡು ಕಾಲುಗಳ ನಡುವೆ ಬರುತ್ತದೆ, ಕುದುರೆಯ ಮೇಲೆ ಕೂತ ಹಾಗೆ ಕೂರಬೇಕು. ಎಡಗಡೆ ಕ್ಲಚ್ಚು. ಬಲಗಡೆ ಗೇಣಗಲದ ಜಾಗದಲ್ಲಿ ಎರಡು ಬ್ರೇಕು, ಅದರ ಪಕ್ಕದಲ್ಲಿ ಆಕ್ಸಿಲರೇಟರು. ಹಿಮ್ಮಡಿಯ ಹತ್ತಿರವೋ ಸೀಟಿನ ಬುಡದಲ್ಲೋ ಡಿಫರೆನ್ಶಿಯಲ್ ಲಾಕಿನ ಪೆಡಲು. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುವಾಗ ಇದನ್ನು ಒತ್ತಿದರೆ ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ಒತ್ತಿಕೊಂಡೇ ಸ್ಟೇರಿಂಗು ತಿರುಗಿಸಿದರೆ ಗಾಡಿ ತಿರುಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಗೂ ಮೇಲೆ ಮಳೆ. ಮಳೆಗಾಲದಲ್ಲಿ ಗಂಬೂಟು ಹಾಕಿದ ಕಾಲಿಗೆ ಬ್ರೇಕು ಯಾವುದು, ಆಕ್ಸಿಲರೇಟರು ಯಾವುದು ಎಂದು ಗೊತ್ತಾಗುವುದು ಕಷ್ಟ. ಬರಿಗಾಲಾದರೆ ಗೊತ್ತಾಗುತ್ತದೆ, ಆದರೆ ಕೆಸರಿನ ಪೆಡಲಿನಿಂದ ಜಾರುತ್ತದೆ.

ಆ ಒಂದು ದಿನ

2014ರ ಜೂನ್ ತಿಂಗಳು. ನಮ್ಮ ಅಣ್ಣನೂ ನಾವೂ ಒಂದು ಹಳೆಯ ಸಣ್ಣ ಟ್ರ್ಯಾಕ್ಟರನ್ನು ತೆಗೆದುಕೊಂಡು ಎರಡು ವರ್ಷವಾಗಿತ್ತು. ಆ ದಿನ ಬೆಳಗ್ಗೆ ಉಳಿದಿದ್ದ ಒಂದು ತುಂಡು ಗದ್ದೆಯನ್ನು ನಾವು ಉತ್ತೆವು. ಮೂಲೆಯಲ್ಲಿ ತಿರುಗಿಸಲು ಸುಲಭವಾಗಲೆಂದು ಎರಡು ಬ್ರೇಕು ಪೆಡಲುಗಳನ್ನು ಸೇರಿಸುವ ಕೊಂಡಿಯನ್ನು ತೆಗೆದೆವು. ಗದ್ದೆಯಲ್ಲಿ ಹಾಗೆ ತೆಗೆಯುವುದೇ ಕ್ರಮ. ಎಡದ್ದು ಒತ್ತಿದರೆ ಎಡ ಚಕ್ರ ನಿಂತು ಗಾಡಿ ನಿಂತಲ್ಲೇ ಎಡಕ್ಕೆ ತಿರುಗುತ್ತದೆ. ಮಾರ್ಗಕ್ಕೆ ಬರುವಾಗ ಕೊಂಡಿಯನ್ನು ಪುನಃ ಹಾಕಬೇಕು. ನಾವು ಹಾಕಲಿಲ್ಲ. ಗಂಜಿ ಉಣ್ಣಲು ಹೋದೆವು.

ಅಣ್ಣ ಬಂದು ಟ್ರೈಲರು ಕಟ್ಟಿ ಗೊಬ್ಬರ ತುಂಬಿಸಿ ಗುಡ್ಡದ ಮನೆಯಿಂದ ತೋಟಕ್ಕೆ ಇಳಿಸಿದ. ಮುರಕಲ್ಲಿನ ಇಳಿಜಾರು, ಮೇಲೆ ಪಾಚಿ. ಅರ್ಧ ಇಳಿದಾಗ ಬ್ರೇಕು ಒತ್ತಿದ. ಎರಡು ಪೆಡಲಿನ ಮೇಲೆ ಬೀಳಬೇಕಾದ ಕಾಲು ಬಲಗಡೆಯದ್ದರ ಮೇಲೆ ಮಾತ್ರ ಬಿತ್ತು. ಬಲ ಚಕ್ರ ಕಚ್ಚಿತು, ಎಡದ್ದು ಓಡಿತು. ಹಿಂದಿನಿಂದ ಟ್ರೈಲರು ದೂಡಿತು. ಗಾಡಿ ಒಮ್ಮೆಲೇ ಬಲಕ್ಕೆ ತಿರುಗಿ ಕಣಿಗೆ ಬಿತ್ತು. ಅಣ್ಣನ ಬಲಗಾಲು ಪೆಡಲಿಗೂ ಗೇರುಪೆಟ್ಟಿಗೆಗೂ ನಡುವೆ ಸಿಕ್ಕಿತು.

ಜೀವಕ್ಕೆ ಅಪಾಯವಾಗಲಿಲ್ಲ ಎಂಬುದು ದೇವರ ದಯೆ. ಮೂರು ತಿಂಗಳು ಮಂಚದಲ್ಲಿದ್ದು ಎದ್ದ. ಇಂದಿಗೂ ಮೆಟ್ಟಲು ಇಳಿಯುವಾಗ ಆ ಕಾಲನ್ನು ಓರೆಯಾಗಿ ಇಡುತ್ತಾನೆ. ಕೊಂಡಿ ಯಾರು ತೆಗೆದದ್ದು ಎಂದು ಅವನು ಒಂದು ದಿನವೂ ಕೇಳಲಿಲ್ಲ. ನಾವಾಗಿಯೇ ಹೇಳಿದಾಗ, "ನಂಗೆ ಗೊತ್ತಿತ್ತು ಮಾರಾಯ. ಹೊರಡುವ ಮೊದಲು ನೋಡ್ಬೇಕಾದ್ದು ನಾನಲ್ವಾ?" ಎಂದು ಮಾತು ಮುಗಿಸಿದ. ಅವನು ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಸಂಘದ ತೀರ್ಮಾನ

2014-15ರಿಂದ ಕರ್ನಾಟಕ ಸರಕಾರದ ಕೃಷಿ ಯಂತ್ರಧಾರೆ ಯೋಜನೆಯಲ್ಲಿ ಹೋಬಳಿಗಳಲ್ಲಿ ಯಂತ್ರಗಳ ಬಾಡಿಗೆ ಕೇಂದ್ರಗಳು ಆರಂಭವಾದವು. ಅದನ್ನು ನೋಡಿ ನಮ್ಮ ಸದಸ್ಯರೂ ಸಂಘದ್ದೇ ಒಂದು ಸಣ್ಣ ಟ್ರ್ಯಾಕ್ಟರು ಬೇಕೆಂದು ಮಹಾಸಭೆಯಲ್ಲಿ ಒತ್ತಾಯಿಸಿದರು. 2019ರಲ್ಲಿ ಆಡಳಿತ ಮಂಡಳಿ ಒಪ್ಪಿತು. ದರಪಟ್ಟಿಗಳು ಬಂದವು. ಕಡಿಮೆ ದರದ್ದನ್ನು ತೆಗೆದುಕೊಳ್ಳುವುದು ಎಂಬ ಮಾತು ಬಂದಾಗ ನಾವು ಎದ್ದು ನಿಂತು, "ಕೊಳ್ಳುವ ಮೊದಲು ಅದರ ಮೇಲೆ ಕೂರುವವರನ್ನು ಒಮ್ಮೆ ಕೂರಿಸಿ ನೋಡುವ" ಎಂದೆವು. ಕೆಲವರು ನಕ್ಕರು. "ಇದೆಂತ, ಹುಡುಗಿ ನೋಡುವ ಶಾಸ್ತ್ರವಾ?" ಎಂದು ಒಬ್ಬರು ಕೇಳಿದರು. ಆದರೆ ನಮ್ಮ ಅಣ್ಣನ ಕಾಲು ಎಲ್ಲರಿಗೂ ಗೊತ್ತಿದ್ದ ವಿಷಯ. ಹಿರಿಯ ನಿರ್ದೇಶಕರೊಬ್ಬರು, "ಅವರು ಹೇಳುವುದರಲ್ಲಿ ಹುರುಳುಂಟು" ಎಂದ ಮೇಲೆ ಸಭೆ ಒಪ್ಪಿತು.

ಮೂರು ಗಾಡಿಗಳನ್ನು ತರಿಸಿ ಸಂಘದ ಅಂಗಳದಲ್ಲಿ ನಿಲ್ಲಿಸಲಾಯಿತು. ಎತ್ತರದವರು, ಕುಳ್ಳಗಿನವರು, ತೋಟದ ಕೆಲಸ ತಾವೇ ನೋಡಿಕೊಳ್ಳುವ ಇಬ್ಬರು ಮಹಿಳಾ ಸದಸ್ಯರು, ಎಲ್ಲರೂ ಗಂಬೂಟು ಹಾಕಿ ಹತ್ತಿ ಕೂತರು. ಅಂದು ಕಂಡ ಸಂಗತಿಗಳನ್ನು ಇಲ್ಲಿ ಬರೆದಿಡುವುದು ಉಪಯುಕ್ತವೆಂದು ತಿಳಿಯುತ್ತೇವೆ.

ಒಂದನೆಯದು, ಪೆಡಲಿನ ಎತ್ತರ. ಆಕ್ಸಿಲರೇಟರನ್ನು ಒತ್ತಲು ಹಿಮ್ಮಡಿ ನೆಲದಲ್ಲಿ ಊರಿರಬೇಕು, ಪಾದ ಮಾತ್ರ ಆಡಬೇಕು. ಒಂದು ಗಾಡಿಯಲ್ಲಿ ಪೆಡಲು ಎತ್ತರವಿದ್ದು ಇಡೀ ಕಾಲನ್ನು ಗಾಳಿಯಲ್ಲಿ ಹಿಡಿದುಕೊಳ್ಳಬೇಕಾಗಿತ್ತು. ಐದು ನಿಮಿಷಕ್ಕೆ ಏನೂ ಆಗುವುದಿಲ್ಲ, ಐದು ಗಂಟೆಗೆ ತೊಡೆ ಕಟ್ಟುತ್ತದೆ.

ಎರಡನೆಯದು, ಬೆನ್ನಿನ ಆಧಾರ. ಕ್ಲಚ್ಚು, ಬ್ರೇಕು ಒತ್ತುವುದು ಪಾದದಿಂದಲ್ಲ, ಇಡೀ ಕಾಲಿನಿಂದ. ಬೆನ್ನಿಗೆ ಆನಿಸಲು ಸೀಟು ಬೇಕು. ಸೀಟು ಮುಂದೆ ಹಿಂದೆ ಸರಿಯದಿದ್ದರೆ ಕುಳ್ಳಗಿನವನು ಸೀಟಿನ ತುದಿಗೆ ಬಂದು ಸ್ಟೇರಿಂಗು ಹಿಡಿದು ನೇತಾಡಿಕೊಂಡು ಒತ್ತಬೇಕಾಗುತ್ತದೆ. ಆಗ ಕೈ ಅಲುಗಿ ಗಾಡಿಯೂ ಅಲುಗುತ್ತದೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ ಮುಂದಾಳತ್ವದಲ್ಲಿ ದೇಶದ ಸಾವಿರಾರು ಕೃಷಿ ಕೆಲಸಗಾರರ, ಹೆಂಗಸರೂ ಸೇರಿ, ದೇಹದ ಅಳತೆಗಳನ್ನೂ ಕೈಕಾಲಿನ ಬಲವನ್ನೂ ಅಳೆದು 2009ರಲ್ಲಿ ಪುಸ್ತಕ ಮಾಡಿದ್ದಾರೆ. ಹೊರದೇಶದವರ ಕಾಲಿನ ಅಳತೆಗೆ ಮಾಡಿದ ಗಾಡಿ ನಮ್ಮವರಿಗೆ ಒಗ್ಗುವುದಿಲ್ಲ ಎಂಬುದೇ ಅದರ ಹಿಂದಿನ ವಿಚಾರ.

ಮೂರನೆಯದು, ಒತ್ತುವ ಬಲ. ಪೆಡಲು ಎಂಬುದು ಒಂದು ಸನ್ನೆಗೋಲು. ತೋಳು ಉದ್ದವಿದ್ದರೆ ಹಗುರ, ಆದರೆ ಕಾಲು ದೂರ ಹೋಗಬೇಕು. ತೋಳು ಗಿಡ್ಡವಾದರೆ ಹತ್ತಿರ, ಆದರೆ ಬಿರುಸು. ಬುದ್ನಿಯ ಪರೀಕ್ಷೆಗಳಲ್ಲಿ ಬ್ರೇಕಿಗೆ 600 ನ್ಯೂಟನ್, ಅಂದರೆ ಸುಮಾರು 60 ಕಿಲೋ ಭಾರದ ಒಳಗಿನ ಒತ್ತಡದಲ್ಲಿ ಗಾಡಿ ನಿಲ್ಲಬೇಕೆಂದು ನೋಡುತ್ತಾರೆ. ಅದು ಮೇಲಿನ ಮಿತಿ. ದಿನಕ್ಕೆ ನೂರಾರು ಸಲ ಒತ್ತುವ ಕ್ಲಚ್ಚು ಅದಕ್ಕಿಂತ ಎಷ್ಟೋ ಹಗುರವಿರಬೇಕೆಂದು ಹೇಳಲು ವಿಜ್ಞಾನಿಯೇ ಆಗಬೇಕಿಲ್ಲ.

ನಾಲ್ಕನೆಯದು, ಪೆಡಲಿನ ಮೈ ಮತ್ತು ಅಂತರ. ಹಲ್ಲುಹಲ್ಲಾದ ಕಬ್ಬಿಣದ ಮೈಯಲ್ಲಿ ಕೆಸರು ನಿಲ್ಲುವುದು ಕಡಿಮೆ. ಸವೆದ ರಬ್ಬರು ಸಾಬೂನಿನ ಹಾಗೆ. ಬ್ರೇಕಿಗೂ ಆಕ್ಸಿಲರೇಟರಿಗೂ ನಡುವೆ ಗಂಬೂಟು ಸಿಕ್ಕಿಕೊಳ್ಳದಷ್ಟು ಜಾಗ ಇರಲೇಬೇಕು. ಮೂರರಲ್ಲಿ ಒಂದು ಗಾಡಿ ಇದರಲ್ಲೇ ಬಿದ್ದುಹೋಯಿತು.

ಐದನೆಯದು, ಕೊಂಡಿ. ಸೀಟಿನಲ್ಲಿ ಕೂತಲ್ಲಿಂದಲೇ ಕಾಣಬೇಕು, ಬಗ್ಗಿದರೆ ಕೈಗೆ ಸಿಗಬೇಕು.

ಕೊನೆಗೆ ಆರಿಸಿದ್ದು ಎಲ್ಲಕ್ಕಿಂತ ಅಗ್ಗದ್ದನ್ನಲ್ಲ, ನಡುವಿನ ದರದ್ದನ್ನು. ಹೆಚ್ಚು ಕೊಟ್ಟೆವೆಂದು ಮುಂದಿನ ಮಹಾಸಭೆಯಲ್ಲಿ ಪ್ರಶ್ನೆ ಬಂತು. ಬರಬೇಕಾದದ್ದೇ. ಅದು ಸದಸ್ಯರ ಹಣ. ಪ್ರಶ್ನೆ ಕೇಳಿದವರನ್ನೇ ಎರಡೂ ಗಾಡಿಯ ಮೇಲೆ ಕೂರಿಸಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಚಾಲಕರಿಗೆ ನಾಲ್ಕು ಮಾತು

ಒಳ್ಳೆಯ ಪೆಡಲನ್ನೂ ಕೆಟ್ಟ ಅಭ್ಯಾಸ ಹಾಳು ಮಾಡುತ್ತದೆ. ಕ್ಲಚ್ಚಿನ ಮೇಲೆ ಸುಮ್ಮನೆ ಕಾಲಿಟ್ಟುಕೊಂಡು ಹೋಗುವುದು ನಮ್ಮವರ ದೊಡ್ಡ ರೋಗ. ಕಾಲಿನ ಭಾರಕ್ಕೆ ಒಳಗಿನ ಬೇರಿಂಗು ಸದಾ ತಿರುಗಿ ಸವೆಯುತ್ತದೆ, ಕ್ಲಚ್ಚು ಪ್ಲೇಟು ಜಾರಿ ಸುಡುತ್ತದೆ. ಪೆಡಲು ಒತ್ತುವಾಗ ಮೊದಲಿಗೆ ಸುಮಾರು ಒಂದು ಇಂಚು ಸಡಿಲ ಇರಬೇಕು. ಸರಿಯಾದ ಅಳತೆ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಉಂಟು, ಪುಸ್ತಕವನ್ನು ಅಟ್ಟಕ್ಕೆ ಹಾಕಬಾರದು. ಇಳಿಜಾರು ಇಳಿಯುವಾಗ ಕ್ಲಚ್ಚು ಒತ್ತಲೇಬಾರದು. ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಬಂಡಿಯ ಹಾಗೆ ಓಡುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು. ಭಾರ ಕಟ್ಟಿದ್ದರೆ ಇನ್ನೂ ಜಾಗ್ರತೆ.

ವಿದೇಶಗಳಲ್ಲಿ ಕ್ಲಚ್ಚೇ ಬೇಡದ, ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರೋಸ್ಟಾಟಿಕ್ ಎಂಬ ಕ್ರಮ ಬಂದು ಬಹಳ ಕಾಲವಾಯಿತು. ಅಮೆರಿಕದ ಇಂಟರ್‌ನ್ಯಾಶನಲ್ ಹಾರ್ವೆಸ್ಟರ್ ಕಂಪೆನಿ 1967ರಲ್ಲಿ ಅದನ್ನು ಟ್ರ್ಯಾಕ್ಟರಿಗೆ ತಂದಿತು. ಈಗ ಅಲ್ಲಿಯ ಸಣ್ಣ ಟ್ರ್ಯಾಕ್ಟರುಗಳಲ್ಲಿ ಒಂದೇ ಪೆಡಲನ್ನು ಬೆರಳಿನ ಕಡೆ ಒತ್ತಿದರೆ ಮುಂದೆ, ಹಿಮ್ಮಡಿಯ ಕಡೆ ಒತ್ತಿದರೆ ಹಿಂದೆ. ಇನ್ನು ಕೆಲವಕ್ಕೆ ಮುಂದಿಗೊಂದು, ಹಿಂದಿಗೊಂದು ಪೆಡಲು. ಕಾಲು ಬಿಟ್ಟರೆ ಗಾಡಿ ತಾನೇ ನಿಧಾನವಾಗುತ್ತದೆ. ಆದರೆ ಇಡೀ ದಿನ ಒಂದೇ ರೀತಿ ಒತ್ತಿ ಹಿಡಿದರೆ ಪಾದದ ಗಂಟು ನೋಯುತ್ತದೆ. ದರವೂ ಹೆಚ್ಚು, ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು ಎಣ್ಣೆ ಬಿಸಿ ಮಾಡುವುದಕ್ಕೇ ಹೋಗುತ್ತದೆ. ಸುಖ ಎಂಬುದು ಪೂರ್ತಿಯಾಗಿ ಯಾವ ಪೆಡಲಿನಲ್ಲೂ ಇಲ್ಲ ಎಂದು ಇದರಿಂದ ತಿಳಿಯುತ್ತದೆ.

ಮುಗಿಸುವ ಮೊದಲು

ಸಹಕಾರ ಎಂದರೆ ಎಲ್ಲರ ಕೈ ಸೇರುವುದು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಸ್ವಂತ ಟ್ರ್ಯಾಕ್ಟರಿನಲ್ಲಿ ಒಬ್ಬನೇ ಕೂರುತ್ತಾನೆ, ಅವನ ಕಾಲಿಗೆ ಅದು ಒಗ್ಗಿಹೋಗುತ್ತದೆ. ಸಂಘದ ಟ್ರ್ಯಾಕ್ಟರಿನಲ್ಲಿ ಇಂದು ಒಬ್ಬ, ನಾಳೆ ಮತ್ತೊಬ್ಬ. ಹಿಂದಿನವನು ತೆಗೆದ ಕೊಂಡಿ ಮುಂದಿನವನಿಗೆ ಗೊತ್ತಿರುವುದಿಲ್ಲ. ನಮ್ಮ ಮನೆಯಲ್ಲಿ ಇಬ್ಬರೇ ಇದ್ದಾಗ ಆದದ್ದು, ಇಲ್ಲಿ ನೂರಾರು ಸದಸ್ಯರ ನಡುವೆ ಆಗಬಾರದೆಂದಿಲ್ಲ.

ಅದಕ್ಕಾಗಿ ಸಂಘದ ಬಾಡಿಗೆ ಪುಸ್ತಕದಲ್ಲಿ ಹೆಸರು, ಗಂಟೆ, ಡೀಸೆಲ್ ಎಂಬ ಮೂರು ಕಾಲಮುಗಳ ನಂತರ ನಾಲ್ಕನೆಯದೊಂದನ್ನು ಸೇರಿಸಲಾಗಿದೆ: "ಕೊಂಡಿ ಹಾಕಿದೆಯೇ?" ಒಯ್ಯುವವರೂ ತಂದು ಬಿಡುವವರೂ ಬಗ್ಗಿ ನೋಡಿ ಸಹಿ ಹಾಕಬೇಕು. ಆ ಕೊಂಡಿಗೆ ಕೆಂಪು ಬಣ್ಣ ಬಳಿದಿದೆ. ಕೆಸರಿನಲ್ಲಿ ಬಣ್ಣ ಹೋಗುತ್ತದೆ, ಹಾಗಾಗಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಬಳಿಯಬೇಕು. ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡದೆ ನಮ್ಮ ಅಣ್ಣನೇ ಮಾಡುತ್ತಿದ್ದಾನೆ. ಮೇ ತಿಂಗಳ ಕೊನೆಗೆ ಸಣ್ಣ ಡಬ್ಬಿ ಹಿಡಿದುಕೊಂಡು, ಕಾಲನ್ನು ಓರೆ ಇಟ್ಟುಕೊಂಡು, ಸಂಘದ ಮೆಟ್ಟಲು ಹತ್ತಿ ಬರುತ್ತಾನೆ.

ಸದಸ್ಯ ಬಾಂಧವರೆಲ್ಲರೂ ಆ ನಾಲ್ಕನೆಯ ಕಾಲಮನ್ನು ಖಾಲಿ ಬಿಡಬಾರದಾಗಿ ವಿನಂತಿ.